ಒಂದೇ ಮಡಿಯಲ್ಲಿ ಈರುಳ್ಳಿ, ಕ್ಯಾರೆಟ್ ಎರಡೂ ಬೆಳೆಯಬಹುದಾ?

ಧಾರಾಳವಾಗಿ ಬೆಳೆಯಬಹುದು. ಒಂದು ಸಾಲು ಈರುಳ್ಳಿ, ಪಕ್ಕದ ಸಾಲು ಕ್ಯಾರೆಟ್ ಹಾಕಿ.

ತಕರಾರು ಜಾಸ್ತಿ ಕ್ಯಾರೆಟ್‌ದೇ. ಸಸಿ ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ, ಹಾಗಾಗಿ ಬೀಜವನ್ನು ಮಡಿಗೇ ಬಿತ್ತಬೇಕು. ಮಣ್ಣನ್ನು ಒಂದಡಿ ಆಳ ಸಡಿಲ ಮಾಡಿ, ಕಲ್ಲು ಆರಿಸಿ. ಹಸಿ ಸಗಣಿ ಬೇಡವೇ ಬೇಡ. ನಾನು ಮೊದಲ ಸಲ ಅದನ್ನು ಹಾಕಿ, ಎರಡು ಕಾಲಿನ ಕ್ಯಾರೆಟ್ ಕಿತ್ತಿದ್ದೆ! ಮೊಳಕೆಗೆ ಎರಡು ವಾರವಾದರೂ ಹಿಡಿಯಬಹುದು. ಅಲ್ಲಿವರೆಗೆ ಮೇಲ್ಮಣ್ಣು ಒಣಗಬಾರದು. ಹಳೆ ಗೋಣಿಚೀಲ ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯಿರಿ. ಆಮೇಲೆ 5 ಸೆಂ.ಮೀ.ಗೆ ಒಂದು ಉಳಿಸಿ ಮಿಕ್ಕಿದ್ದನ್ನು ಕೀಳಿ, ಮನಸ್ಸು ಬರಲ್ಲ ನಿಜ.

ಈರುಳ್ಳಿಗೆ 6-7 ವಾರದ ಸಸಿ, 10 ಸೆಂ.ಮೀ. ಅಂತರ ಸಾಕು. ಅದರ ಕತ್ತು, ಅಂದರೆ ಗಡ್ಡೆಯ ಮೇಲಿನ ಎಲೆಬುಡ, ಬಾಗಿದಾಗ ನೀರು ನಿಲ್ಲಿಸಬೇಕು, ಅಷ್ಟರೊಳಗೆ ಕ್ಯಾರೆಟ್ ಕಿತ್ತುಬಿಡಿ.