ಬಿಚ್ಚಿ ಜೋಡಿಸಿದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲ, ಮದರ್‌ಬೋರ್ಡ್ ಸುಟ್ಟುಹೋಯಿತಾ?

ಸುಟ್ಟಿರಲಾರದು. ಹೊಸ ಬೋರ್ಡಿಗೆ ಈಗಲೇ ದುಡ್ಡು ಹಾಕಬೇಡಿ, ಇವತ್ತೊಂದು ದಿನ ತಡೆಯಿರಿ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದ ವಿಷಯಗಳು ಇವು. ನಿಮ್ಮದು ದೊಡ್ಡ ಎಟಿಎಕ್ಸ್ ಬೋರ್ಡ್. ಹಳೆಯ ಕ್ಯಾಬಿನೆಟ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಗೆಳೆಯರು ಬಳಸಿ ಕೊಟ್ಟ ಕ್ಯಾಬಿನೆಟ್‌ಗೆ ಅದನ್ನು ಬದಲಾಯಿಸಿದಿರಿ. ಅವರ ಬಳಿ ಇದ್ದದ್ದು ಚಿಕ್ಕ ಮೈಕ್ರೋ ಎಟಿಎಕ್ಸ್ ಬೋರ್ಡ್. ಈಗ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಒತ್ತಿದರೂ ಸದ್ದಿಲ್ಲ. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ, ಅದರ ಹಿಂದಿನ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಅರ್ಧ ಸುತ್ತು.

ಆ ಅರ್ಧ ಸುತ್ತೇ ನಿಮಗೆ ಒಳ್ಳೆಯ ಸುದ್ದಿ. ಬಟನ್ನಿನ ವೈರ್ ಸರಿಯಾದ ಪಿನ್ನಿಗೇ ಕೂತಿದೆ, ಎಸ್‌ಎಂಪಿಎಸ್‌ಗೂ ಜೀವ ಇದೆ ಅಂತ ಅದರಿಂದ ಗೊತ್ತಾಗುತ್ತದೆ. ಎಸ್‌ಎಂಪಿಎಸ್ ಕರೆಂಟ್ ಕೊಡಲು ಶುರು ಮಾಡಿತು, ಎಲ್ಲೋ ಶಾರ್ಟ್ ಇರುವುದು ಅದಕ್ಕೆ ತಿಳಿಯಿತು, ತಾನಾಗಿಯೇ ಬಾಗಿಲು ಹಾಕಿಕೊಂಡಿತು. ಹೀಗೆ ಒಮ್ಮೆ ಮುಚ್ಚಿಕೊಂಡರೆ ಹಿಂದಿನ ಸ್ವಿಚ್ ಆರಿಸಿ ಹಾಕುವ ತನಕ ಅದು ಸಾಮಾನ್ಯವಾಗಿ ಏಳುವುದಿಲ್ಲ. ನೀವು ಹೇಳಿದ ಲಕ್ಷಣ ಇದಕ್ಕೆ ಹಾಗೇ ಹೊಂದುತ್ತದೆ.

ಹಾಗಾದರೆ ಶಾರ್ಟ್ ಎಲ್ಲಿ? ನನ್ನ ಅನುಮಾನ ಎರಡೇ ಜಾಗದ ಮೇಲೆ.

ಮೊದಲನೆಯದು ಬೋರ್ಡಿನ ಕೆಳಗೆ. ಕ್ಯಾಬಿನೆಟ್‌ನ ತಗಡಿನ ಮೇಲೆ ಹಿತ್ತಾಳೆ ಬಣ್ಣದ ಸಣ್ಣ ಸಣ್ಣ ಕಂಬಗಳಿರುತ್ತವಲ್ಲ, ಸ್ಟ್ಯಾಂಡ್‌ಆಫ್ ಅನ್ನುತ್ತಾರೆ, ಬೋರ್ಡ್ ಕೂರುವುದು ಅವುಗಳ ಮೇಲೆ. ಬೋರ್ಡಿನಲ್ಲಿ ತೂತು ಇರುವ ಕಡೆ ಮಾತ್ರ ಕಂಬ ಇರಬೇಕು. ಎಟಿಎಕ್ಸ್ ಬೋರ್ಡ್ 305 ಮಿಲಿಮೀಟರ್ ಉದ್ದ, ಮೈಕ್ರೋ ಎಟಿಎಕ್ಸ್ 244. ಚಿಕ್ಕ ಬೋರ್ಡಿನ ಕೆಳ ಅಂಚಿಗೆ ಅಂತ ಹಾಕಿದ ಕಂಬಗಳು ದೊಡ್ಡ ಬೋರ್ಡಿನ ಹೊಟ್ಟೆಯ ಕೆಳಗೆ ಬರುತ್ತವೆ. ಅಲ್ಲಿ ತೂತಿಲ್ಲ, ಬೆಸುಗೆ ಹಾಕಿದ ಚೂಪು ತುದಿಗಳಿವೆ. ಕಂಬದ ತಲೆ ಅವಕ್ಕೆ ತಾಗಿದರೆ ಕರೆಂಟ್ ನೇರ ತಗಡಿಗೆ ಇಳಿಯುತ್ತದೆ. ಮೇಲಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ. ಬೋರ್ಡ್ ಕೂತಿರುತ್ತದೆ, ಸ್ಕ್ರೂ ಬಿಗಿಯಾಗಿರುತ್ತವೆ, ಎಲ್ಲ ಅಚ್ಚುಕಟ್ಟು.

ನನಗೂ ಇದೇ ಆಗಿತ್ತು. ರ‍್ಯಾಮ್ ಬದಲಿಸಿ ನೋಡಿದೆ, ಬ್ಯಾಟರಿ ತೆಗೆದು ಹಾಕಿದೆ, ಗ್ರಾಫಿಕ್ಸ್ ಕಾರ್ಡ್ ಮೂರು ಸಲ ಕಿತ್ತು ಕೂರಿಸಿದೆ. ಬೋರ್ಡನ್ನು ಎತ್ತಿ ಅಡಿಗೆ ಕಣ್ಣು ಹಾಯಿಸುವ ಬುದ್ಧಿ ಬಂದದ್ದು ಎರಡನೇ ದಿನ ರಾತ್ರಿ. ಒಂಟಿ ಕಂಬ ಹಾಯಾಗಿ ನಿಂತಿತ್ತು. ಅದನ್ನು ತಿರುಗಿಸಿ ತೆಗೆದೆ, ಕಂಪ್ಯೂಟರ್ ಎದ್ದಿತು. ಬೋರ್ಡಿಗೆ ಏನೂ ಆಗಿರಲಿಲ್ಲ. ಎರಡು ದಿನ ಸುಮ್ನೆ ಅದನ್ನು ಬೈದಿದ್ದೆ.

ಎರಡನೆಯ ಅನುಮಾನ ಪ್ರಾಸೆಸರ್‌ಗೆ ಹೋಗುವ ಎಂಟು ಪಿನ್ನಿನ ಕೇಬಲ್. ಬೋರ್ಡಿನ ಮೇಲ್ಗಡೆ ಎಡ ಮೂಲೆಯಲ್ಲಿ ಇರುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಕೇಬಲ್ಲಿನಲ್ಲೂ ಎಂಟೇ ಪಿನ್, ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ ಒಳಗೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಹೋಗುವುದಿಲ್ಲ. ಜೋರಾಗಿ ಒತ್ತಿದರೆ ಕೆಲವೊಮ್ಮೆ ಹೋಗಿಬಿಡುತ್ತದೆ, ಆಗ ನೇರ ಶಾರ್ಟ್. ಗುರುತು ಹಿಡಿಯುವುದು ಸುಲಭ: ಪ್ರಾಸೆಸರ್ ಕೇಬಲ್ಲಿನ ತುದಿ ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಸೀಳುತ್ತದೆ, ಗ್ರಾಫಿಕ್ಸ್ ಕೇಬಲ್ಲಿನದು ಆರು ಮತ್ತು ಎರಡಾಗಿ. ಕೂರಿಸುವಾಗ ತುಂಬ ಬಲ ಹಾಕಿದ ನೆನಪಿದ್ದರೆ ಮೊದಲು ಇದನ್ನೇ ನೋಡಿ.

ಕೇಬಲ್ ಮಾತು ಬಂದಿದ್ದಕ್ಕೆ ಇನ್ನೊಂದು. ನಿಮ್ಮ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಪೂರ್ತಿ ಕಿತ್ತು ತೆಗೆಯಲು ಬರುವಂತಿದ್ದು, ಗೆಳೆಯರ ಕ್ಯಾಬಿನೆಟ್ ಜೊತೆ ಬಂದ ಕೇಬಲ್ ಏನಾದರೂ ಬಳಸಿದ್ದೀರಾ? ಬಳಸಿದ್ದರೆ ಈಗಲೇ ತೆಗೆಯಿರಿ. ಬೋರ್ಡಿನ ಕಡೆಯ ತುದಿ ಸಾಮಾನ್ಯವಾಗಿ ಎಲ್ಲ ಕಂಪನಿಯದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ, ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ತಪ್ಪು ಕೇಬಲ್ ಹಾಕಿ ಹಾರ್ಡ್ ಡಿಸ್ಕ್ ಸುಟ್ಟುಕೊಂಡವರಿದ್ದಾರೆ.

ಈಗ ಮಾಡಬೇಕಾದ್ದು. ಗೋಡೆಯಿಂದ ಪ್ಲಗ್ ಕೀಳಿ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ಬೋರ್ಡನ್ನು ಪೂರ್ತಿ ಹೊರಗೆ ತೆಗೆದು ಅದರ ರಟ್ಟಿನ ಡಬ್ಬದ ಮೇಲೆ ಇಡಿ. ಬೋರ್ಡ್ ಸುತ್ತಿ ಬಂದಿದ್ದ ಹೊಳೆಯುವ ಕವರ್ ಮೇಲೆ ಇಡಬೇಡಿ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರಾಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್ ಇರಲಿ. 24 ಪಿನ್ನಿನ ದೊಡ್ಡ ಕೇಬಲ್, ಪ್ರಾಸೆಸರಿನ ಎಂಟು ಪಿನ್ನಿನ ಕೇಬಲ್, ಅಷ್ಟೇ. ಡಿಸ್ಕ್ ಬೇಡ, ಮುಂದಿನ ಯುಎಸ್‌ಬಿ ವೈರ್ ಬೇಡ. ಗ್ರಾಫಿಕ್ಸ್ ಕಾರ್ಡೂ ಸದ್ಯಕ್ಕೆ ಬೇಡ, ಈಗ ನೋಡಬೇಕಿರುವುದು ಫ್ಯಾನ್ ನಿಲ್ಲದೆ ತಿರುಗುತ್ತದೋ ಇಲ್ಲವೋ ಅಂತ ಮಾತ್ರ.

ಬಟನ್ ಕ್ಯಾಬಿನೆಟ್‌ನಲ್ಲಿ ಉಳಿಯಿತಲ್ಲ ಅಂತ ಯೋಚಿಸಬೇಡಿ. ಬೋರ್ಡಿನ ಪುಸ್ತಕದಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ ಯಾವುದು ಅಂತ ಚಿತ್ರ ಇರುತ್ತದೆ. ಪ್ಲಗ್ ಹಾಕಿ, ಸ್ಕ್ರೂ ಡ್ರೈವರ್ ತುದಿಯಿಂದ ಆ ಎರಡನ್ನು ಒಂದು ಕ್ಷಣ ಮುಟ್ಟಿಸಿ. ಬಟನ್ ಮಾಡುವುದೂ ಇಷ್ಟೇ. ಪಕ್ಕದ ಪಿನ್ನಿಗೆ ತಾಗದ ಹಾಗೆ ನೋಡಿಕೊಳ್ಳಿ.

ಹೊರಗೆ ಓಡಿತು ಅಂದರೆ ಬೋರ್ಡಿನ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಖಾಲಿ ಕ್ಯಾಬಿನೆಟ್ ಮೇಲೆ ಬೋರ್ಡ್ ಹಿಡಿದು ತೂತು ಎಣಿಸಿ, ಜಾಸ್ತಿ ಇರುವ ಕಂಬ ತೆಗೆಯಿರಿ. ಬಿದ್ದ ಸ್ಕ್ರೂ ಏನಾದರೂ ಇದೆಯಾ ಅಂತ ಕ್ಯಾಬಿನೆಟ್ ಒಮ್ಮೆ ಅಲ್ಲಾಡಿಸಿ. ಬೋರ್ಡಿನ ಯುಎಸ್‌ಬಿ ತೂತುಗಳ ಸುತ್ತ ಕೂರುವ ಹಿಂಬದಿಯ ತಗಡಿನ ಪುಟ್ಟ ನಾಲಗೆಯಂಥ ಪಟ್ಟಿಗಳು ಆ ತೂತಿನೊಳಗೆ ಮಡಚಿಕೊಂಡಿವೆಯಾ, ಅದನ್ನೂ ನೋಡಿ. ಆಮೇಲೆ ಒಂದೊಂದೇ ಸೇರಿಸುತ್ತ, ಪ್ರತಿ ಸಲ ಆನ್ ಮಾಡಿ ನೋಡಿ. ಎಲ್ಲ ಒಟ್ಟಿಗೆ ಹಾಕುವ ಆಸೆ ಬರುತ್ತದೆ, ಬೇಡ.

ಹೊರಗೂ ಅದೇ ಅರ್ಧ ಸುತ್ತೇ ಆದರೆ ಬೇರೆ ಎಸ್‌ಎಂಪಿಎಸ್ ಅನ್ನು ಅದರದೇ ಕೇಬಲ್‌ಗಳ ಜೊತೆ ಯಾರಿಂದಾದರೂ ಎರವಲು ತಂದು ಹಾಕಿ ನೋಡಿ. ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಎಸ್‌ಎಂಪಿಎಸ್ ಬಿಚ್ಚಿ ಫ್ಯೂಸ್ ನೋಡಿ ಅಂದಿದ್ದಾರೆ. ಆ ಕೆಲಸ ಮಾತ್ರ ಮಾಡಬೇಡಿ. ಒಳಗೆ ಕರೆಂಟ್ ಕೂಡಿಡುವ ಕೆಪಾಸಿಟರ್ 300 ವೋಲ್ಟ್‌ಗೂ ಜಾಸ್ತಿ ತುಂಬಿಕೊಂಡಿರಬಹುದು, ಪ್ಲಗ್ ಕಿತ್ತ ಮೇಲೂ. ಅಷ್ಟಕ್ಕೂ ಫ್ಯೂಸ್ ಹೋಗಿದ್ದರೆ ಆ ಅರ್ಧ ಸುತ್ತೂ ಬರುತ್ತಿರಲಿಲ್ಲ, ಅಲ್ವಾ?

ಪ್ರಾಸೆಸರ್ ಮುಟ್ಟಿಲ್ಲ ಅಂತ ಬರೆದಿದ್ದೀರಿ. ಒಳ್ಳೆಯದಾಯಿತು, ಪಿನ್ ಬಾಗಿರುವ ಚಿಂತೆ ಇಲ್ಲ.

ಮುಂದೆ ಒಂದು ಗಾಬರಿ ಕಾದಿರಬಹುದು, ಈಗಲೇ ಹೇಳಿಬಿಡುತ್ತೇನೆ. ಶಾರ್ಟ್ ಹೋದ ಮೇಲೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಇದು ಬೇರೆಯೇ ಕಾಯಿಲೆ, ಹೆಚ್ಚಿನ ಸಲ ರ‍್ಯಾಮ್‌ನದು. ಕ್ಲಿಕ್ ಅನ್ನುವವರೆಗೆ ಎರಡೂ ತುದಿ ಒತ್ತಿ. ನಾಲ್ಕು ಸ್ಲಾಟ್ ಇದ್ದರೆ, ಒಂದೇ ರ‍್ಯಾಮನ್ನು ಪ್ರಾಸೆಸರ್ ಕಡೆಯಿಂದ ಎರಡನೆಯದಕ್ಕೆ ಹಾಕಬೇಕೆಂದು ಬಹುತೇಕ ಬೋರ್ಡುಗಳ ಪುಸ್ತಕದಲ್ಲಿರುತ್ತದೆ. ರ‍್ಯಾಮ್ ಡಿಡಿಆರ್5 ಅನ್ನುವ ಹೊಸ ಬಗೆಯದಾಗಿದ್ದರೆ ಮೊದಲ ಸಲ ಬೋರ್ಡ್ ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಬೇಕಾಗಬಹುದು. ನಡುವೆ ಆರಿಸಿದರೆ ಮತ್ತೆ ಮೊದಲಿಂದ ಶುರು, ಹಾಗಾಗಿ ಕಾಯಿರಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಅದಕ್ಕೇ ಚುಚ್ಚಬೇಕು, ಬೋರ್ಡಿಗಲ್ಲ. ಇಂಟೆಲ್ ಪ್ರಾಸೆಸರ್ ಆಗಿದ್ದು ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದೇ ಇಲ್ಲ, ಕಾರ್ಡ್ ಹಾಕುವ ತನಕ ಪರದೆ ಕಪ್ಪಾಗಿಯೇ ಇರುತ್ತದೆ.

ಡಬ್ಬದ ಮೇಲೆ ಇಟ್ಟು ನೋಡಿದಾಗ ಏನಾಯಿತು ಅಂತ ಬರೆಯಿರಿ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ದೀಪಗಳಿದ್ದರೆ, ಯಾವುದು ಹತ್ತಿಕೊಂಡೇ ಉಳಿಯಿತು ಅನ್ನುವುದನ್ನೂ ಸೇರಿಸಿ.