ಮರು: ಬ್ಯಾಟರಿ ಬಿಸಿಯಾಗುತ್ತಿದೆ, ಟೆಂಪರೇಚರ್ ಎಷ್ಟಿಡಲಿ?

ಒಂದೇ 18650 (18 ಮಿಮೀ ದಪ್ಪ, 65 ಮಿಮೀ ಉದ್ದದ) ಬ್ಯಾಟರಿಯ ವೇಪ್ (ಇ-ಸಿಗರೇಟ್), ದ್ರವ ಕಾಯಿಸಲು ಸ್ಟೀಲ್ ಕಾಯಿಲ್, 50 ವ್ಯಾಟ್, 3500 ಎಂಎಎಚ್ ಬ್ಯಾಟರಿ ಅಂದಿದ್ದೀರಿ. ದಯವಿಟ್ಟು ಮೊದಲು ಆ ಬ್ಯಾಟರಿ ತೆಗೆದಿಡಿ.

ಎಂಎಎಚ್, ಅಂದರೆ ಬ್ಯಾಟರಿ ಹಿಡಿಯುವ ಚಾರ್ಜ್, ಜಾಸ್ತಿ ಇದ್ದರೆ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಇಲ್ಲಿ ನೋಡಬೇಕಾದದ್ದು ಆಂಪಿಯರ್, ಅಂದರೆ ಬ್ಯಾಟರಿ ಸುರಕ್ಷಿತವಾಗಿ ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವುದು. ಚಾರ್ಜ್ ಇಳಿದು ವೋಲ್ಟೇಜ್ 3.2ಕ್ಕೆ ಬಂದಾಗ 50 ವ್ಯಾಟ್ ಕೊಡಲು 15.6 ಆಂಪಿಯರ್ ಬೇಕು. ವೇಪ್‌ನೊಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ 17 ದಾಟುತ್ತದೆ. 3500ರ ಬ್ಯಾಟರಿಗಳು ಸಾಮಾನ್ಯವಾಗಿ ಸತತ 8ರಿಂದ 10 ಆಂಪಿಯರ್‌ಗೆ ಮಾಡಿದಂಥವು. ಬಿಸಿಯಾಗದೆ ಇನ್ನೇನು? ಸ್ಯಾಮ್‌ಸಂಗ್ 25ಆರ್ ತರಹದ್ದು ತಗೊಳ್ಳಿ: 2500 ಎಂಎಎಚ್, ಆದರೆ 20 ಆಂಪಿಯರ್. ಹೊರಗಿನ ಪ್ಲಾಸ್ಟಿಕ್ ಹೊದಿಕೆಯನ್ನೂ ನೋಡಿ, ಮುಖ್ಯವಾಗಿ ಪಾಸಿಟಿವ್ ತುದಿಯ ಅಂಚನ್ನು. ಅಲ್ಲಿ ಉಗುರಿನಷ್ಟು ಹರಿದಿದ್ದರೂ ಶಾರ್ಟ್ ಆಗಬಹುದು.

ಇನ್ನು ಸೆಟ್ಟಿಂಗ್. ಕಾಯಿಲ್ ಯಾವ ಲೋಹದ್ದು ಎಂದು ವೇಪ್‌ಗೆ ಹೇಳುವ ಮೋಡ್ ಸ್ಟೀಲ್‌ನದ್ದೇ ಇರಲಿ, ನಿಕ್ಕಲ್‌ನದ್ದಲ್ಲ. ಕಾಯಿಲ್‌ನ ಟೆಂಪರೇಚರ್ 200 ಡಿಗ್ರಿ ಸೆಲ್ಸಿಯಸ್‌ನಿಂದ ಶುರು ಮಾಡಿ, 5-5 ಡಿಗ್ರಿ ಏರಿಸಿ ನೋಡಿ. 220ರ ಮೇಲೆ ನಾನಂತೂ ಹೋಗುವುದಿಲ್ಲ. ಕಾಯಿಲ್ ಎಷ್ಟು ಬೇಗ ಕಾಯಬೇಕು ಅನ್ನುವುದಷ್ಟೇ ವ್ಯಾಟ್‌ನ ಕೆಲಸ, ಹಾಗಾಗಿ 30 ಸಾಕು.

ರೆಸಿಸ್ಟೆನ್ಸ್ ಲಾಕ್ ಮಾಡುವಾಗ, ಅಂದರೆ ತಣ್ಣಗಿನ ಕಾಯಿಲ್‌ನ ರೆಸಿಸ್ಟೆನ್ಸ್ ಇಷ್ಟು ಎಂದು ಬೋರ್ಡಿನಲ್ಲಿ ಉಳಿಸುವಾಗ, ಕಾಯಿಲ್ ಪೂರ್ತಿ ತಣ್ಣಗಿರಬೇಕು. ನಾನು ಒಮ್ಮೆ ಅವಸರದಲ್ಲಿ ಬೆಚ್ಚಗಿದ್ದಾಗಲೇ ಲಾಕ್ ಮಾಡಿದೆ. ಸ್ಕ್ರೀನಿನಲ್ಲಿ 210 ಇತ್ತು, ಬಾಯಿಗೆ ಬಂದದ್ದು ಕಾಯಿಲ್‌ನೊಳಗೆ ದ್ರವ ಹೀರುವ ಹತ್ತಿ ಸುಟ್ಟ ರುಚಿ. ಬಿಸಿ ಕಾಯಿಲ್‌ನ ರೆಸಿಸ್ಟೆನ್ಸ್ ಜಾಸ್ತಿ ಇರುತ್ತದೆ, ಅದು ಎಷ್ಟು ಏರಿತು ಅನ್ನುವುದರಿಂದಲೇ ಬೋರ್ಡು ಟೆಂಪರೇಚರ್ ಲೆಕ್ಕ ಹಾಕುತ್ತದೆ. ಬೆಚ್ಚಗಿದ್ದಾಗಿನ ರೆಸಿಸ್ಟೆನ್ಸನ್ನೇ ತಣ್ಣಗಿನದ್ದೆಂದು ತಿಳಿದು ಬೋರ್ಡು ಇನ್ನಷ್ಟು ಕಾಯಿಸುತ್ತದೆ. ಹತ್ತು ನಿಮಿಷ ಬಿಟ್ಟು ಲಾಕ್ ಮಾಡಿ.