ಮನೆಯಲ್ಲೇ ಕಲಿಸುವ ವರ್ಷವನ್ನು ನಮ್ಮ ಗುರಿಗಳಿಗೆ ತಕ್ಕಂತೆ ಹೊಂದಿಸೋದು ಹೇಗೆ?

ಮಗಳಿಗೆ 10 ವರ್ಷ, ಈ ಜೂನ್‌ನಿಂದ ಹೋಮ್‌ಸ್ಕೂಲಿಂಗ್, ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದೀರಿ. ಪುಸ್ತಕ ಕೊಳ್ಳುವ ಮೊದಲು ಮಗಳನ್ನೂ ಕೂರಿಸಿಕೊಂಡು, ಮುಂದಿನ ಮಾರ್ಚ್ ಹೊತ್ತಿಗೆ ಏನಾಗಿರಬೇಕು ಅಂತ ಎರಡೋ ಮೂರೋ ಗುರಿ ಬರೆಯಿರಿ. ಜಾಸ್ತಿ ಬೇಡ.

‘ಕನ್ನಡ ಚೆನ್ನಾಗಿ ಬರಬೇಕು’ ಅಂತ ಬರೆದರೆ ಸಾಲದು. ‘ಅಜ್ಜಿಗೆ ಪೇಪರಿನ ಒಂದು ಸುದ್ದಿ ತಡವರಿಸದೆ ಓದಿ ಹೇಳಬೇಕು’ ಅಂತ ಬರೆಯಿರಿ. ಆಗ ದಿನದ ಕೆಲಸ ತಾನಾಗಿಯೇ ಕಾಣುತ್ತದೆ: ತಿಂಡಿ ಆದ ಮೇಲೆ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದು, ಗೊತ್ತಿಲ್ಲದ ಪದ ನೋಟ್‌ಬುಕ್ಕಿಗೆ, ವಾರಕ್ಕೊಮ್ಮೆ ಅಜ್ಜಿಗೆ ಫೋನ್.

ಆಮೇಲೆ ಕ್ಯಾಲೆಂಡರ್. ಊರಿನ ಜಾತ್ರೆ, ದಸರಾ, ಅಡಿಕೆ ಕೊಯ್ಲು, ನೆಂಟರ ಮದುವೆ ಮೊದಲು ಗುರುತು ಹಾಕಿ. ಉಳಿದ ವಾರಗಳನ್ನಷ್ಟೇ ಪಾಠಕ್ಕೆ ಲೆಕ್ಕ ಹಿಡಿಯಿರಿ. ಕೊಯ್ಲಿಗೆ ಹೋದಾಗ ಕ್ವಿಂಟಾಲ್ ಧಾರಣೆ ಹೇಳಿ, 40 ಕೆಜಿಗೆ ಎಷ್ಟಾಯಿತು ಅಂತ ಅವಳೇ ಲೆಕ್ಕ ಮಾಡಲಿ. ಗಣಿತ ಮಾತ್ರ ಆದಷ್ಟು ದಿನಾ ಇರಲಿ, ಬಿಟ್ಟರೆ ಮತ್ತೆ ಹಿಡಿಯೋದು ಕಷ್ಟ.

ಪರೀಕ್ಷೆಯ ಚಿಂತೆ ಈಗಲೇ ಬೇಡ. ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನ 10ನೇ ತರಗತಿಗೆ ಸೇರಲು ಕನಿಷ್ಠ 14 ವರ್ಷ ಆಗಿರಬೇಕು. ವರ್ಷಕ್ಕೆ ಎರಡು ಸಲ ಪಬ್ಲಿಕ್ ಪರೀಕ್ಷೆ ಇರುತ್ತದೆ, ಕನ್ನಡವನ್ನೂ ಒಂದು ವಿಷಯವಾಗಿ ತಗೋಬಹುದು.

ಪ್ರತಿ ತಿಂಗಳ ಕೊನೆಗೆ ಆ ಗುರಿಗಳ ಹಾಳೆ ತೆಗೆದು ಮೂವರೂ ನೋಡಿ. ಮಗಳಿಗೆ ಹೊರೆ ಅನಿಸುತ್ತಿರುವ ಗುರಿ ಇದ್ದರೆ ಚಿಕ್ಕದು ಮಾಡಿ, ಇಲ್ಲವೇ ಮುಂದಿನ ವರ್ಷಕ್ಕೆ ಬಿಡಿ.